ಕಾರ್ಡಿನಲ್ಲಿ ಉಳಿದ ಎರಡು ಸಾಲಿನ ಜಾಗ

ರಾವೂರದ ಪರಸಿ ಕಲ್ಲಿನ ಖಣಿಯಲ್ಲಿ ಗುಮಾಸ್ತನಾಗಿದ್ದ ನಮ್ಮ ಕಾಕಾ ಬಸವಂತರಾಯ ಯಾವುದನ್ನೂ ದಂಡ ಮಾಡುವವನಲ್ಲ. ಪೆನ್ಸಿಲ್ ಬೆರಳಿಗೆ ಸಿಗದಷ್ಟು ಗಿಡ್ಡಾದರೂ ಅದಕ್ಕೆ ಕಾಗದ ಸುತ್ತಿ ಬರೆಯುತ್ತಿದ್ದ. ಪೋಸ್ಟ್ ಕಾರ್ಡಿನಲ್ಲಿ ಎರಡು ಬೆರಳು ಜಾಗ ಖಾಲಿ ಉಳಿದರೆ ಅವನ ಜೀವಕ್ಕೆ ಸಮಾಧಾನವಿಲ್ಲ. ಈ ಒಂದು ಗುಣದಿಂದ ಏನಾಯಿತು ಎಂಬುದನ್ನು ನಾನು ಇವತ್ತಿಗೂ ಮರೆತಿಲ್ಲ.

೧೯೭೪ರ ಮಾತು. ಚಿಗರಿ, ಅಂದರೆ ಕೃಷ್ಣಮೃಗ, ಕೊಂದರೆ ಇನ್ನು ಜೇಲು ಎಂದು ರೇಡಿಯೋದಲ್ಲಿ ಕೇಳಿದ ದಿನ ಕಾಕಾ ತುತ್ತು ಕೈಯಲ್ಲೇ ಹಿಡಿದು ಕೂತ. "ನಮ್ಮ ಹುಡುಗ್ರು ಚಿಗರೀನೇ ನೋಡಿಲ್ಲಲ್ಲ," ಎಂದ. ನಿಜವೇ. ಖಣಿಯ ಮದ್ದಿನ ಸದ್ದಿಗೆ ನಮ್ಮೂರ ಸುತ್ತ ಮೊಲವೂ ಉಳಿದಿರಲಿಲ್ಲ. ಕಣ್ಣಾರೆ ನೋಡದ ಪ್ರಾಣಿಯನ್ನು ಮಕ್ಕಳು ಮುಂದೆ ಯಾಕೆ ಉಳಿಸಿಯಾರು ಎಂಬುದು ಅವನ ವಾದ. ದೀಪಾವಳಿ ರಜೆಗೆ ತನ್ನ ಇಬ್ಬರು ಮಕ್ಕಳನ್ನೂ ನನ್ನನ್ನೂ ಚಿಂಚೋಳಿ ಕಡೆಯ ಬಯಲಿಗೆ ಕರೆದೊಯ್ದು ಚಿಗರಿ ತೋರಿಸಿಯೇ ಸೈ ಎಂದು ಹಟ ಹಿಡಿದ.

ತಯಾರಿ ಎರಡು ತಿಂಗಳು ನಡೆಯಿತು. ಅಂಗಳದ ಪರಸಿಯ ಮೇಲೆ ಸೀಮೆಸುಣ್ಣದಿಂದ ನಕಾಶೆ ಬರೆದ. ಬಿಳಿ ಅಂಗಿ ಹಾಕಬಾರದು, ಕೆಮ್ಮಬಾರದು, ಬಳೆ ಸಪ್ಪಳ ಮಾಡಬಾರದು ಎಂದು ಕಾಯ್ದೆ ಮಾಡಿದ. "ಬಳಿ ತಗೀ ಅಂದ್ರ ನಾ ಮನ್ಯಾಗೇ ಇರ್ತೀನಿ," ಎಂದಳು ಕಾಕಿ ಸೂಗಮ್ಮ. ಕೊನೆಗೆ ಬಳೆಗೆ ಅರಿವೆ ಸುತ್ತಿಕೊಳ್ಳುವುದೆಂದು ರಾಜಿಯಾಯಿತು. ಮಕ್ಕಳಿಗೆ ಒಂದೊಂದು ನೋಟ್‌ಬುಕ್ಕು ಕೊಟ್ಟು ತಾನೇ ಗೆರೆ ಹೊಡೆದ: ಕಂಡ ಪ್ರಾಣಿ, ಕಂಡ ಜಾಗ, ಏನು ಮಾಡುತ್ತಿತ್ತು.

ಆ ಬಯಲಿನ ಹತ್ತಿರದ ಸುಲೇಪೇಟದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ರೇವಣಪ್ಪ ಕಾಕಾನ ಸಾಲಿ ಗೆಳೆಯ. ಅಲ್ಲಿಯ ಹಿಂಡಿನಲ್ಲಿ ಒಂದು ಕರಿ ಹೋರಿ ಚಿಗರಿ ಇದೆ ಎಂದು ಹೇಳಿದ್ದವನೂ ಅವನೇ. ಅವನಿಗೆ ಕಾರ್ಡು ಬರೆದೆವು. ಅಕ್ಷರ ದುಂಡಗಿವೆ ಎಂದು ಬರೆಯುವ ಕೆಲಸ ನನ್ನದು. ಕರಿ ಚಿಗರಿಯನ್ನು ಮಕ್ಕಳಿಗೆ ತೋರಿಸಬೇಕು, ಕುರಿ ಕಾಯುವ ಪೀರಪ್ಪನಿಗೆ ಹೇಳಿಡಿರಿ ಎಂದು ಬರೆದ ಮೇಲೆ ಎರಡು ಸಾಲಿನ ಜಾಗ ಉಳಿಯಿತು. ಕಾಕಾ ಸುಮ್ಮನೆ ಬಿಡುವನೇ? ಅತ್ತಿತ್ತ ನೋಡಿದ. ದೇವರ ಕೋಣೆ ಕಣ್ಣಿಗೆ ಬಿತ್ತು. ದಿನಾ ಲಿಂಗಪೂಜೆಗೆ ಅವನು ಕೂಡುತ್ತಿದ್ದ ಚಿಗರಿ ಚರ್ಮ ಕೂದಲುದುರಿ ಹರಿದಿತ್ತು.

"ಬರಿ ಮಾದೇವಿ, ಪೂಜಾದ ಚರ್ಮ ಹರದದ, ಚಂದಂದು ಸಿಕ್ಕರ ನೋಡ್ರಿ."

ಬರೆದೆ. ನಮಗೆ ಅದು ಅಜ್ಜನ ಕಾಲದಿಂದ ಮನೆಯಲ್ಲಿದ್ದ ಆಸನ, ಅಷ್ಟೆ. ಅದು ಒಂದು ಕಾಲಕ್ಕೆ ಓಡಾಡುತ್ತಿತ್ತು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ವಾಡಿಯಿಂದ ರೈಲಿನಲ್ಲಿ ಸೇಡಂ, ಅಲ್ಲಿಂದ ಬಸ್ಸಿನಲ್ಲಿ ಸುಲೇಪೇಟ. ಮರುದಿನ ನಸುಕಿನಲ್ಲೇ ರೇವಣಪ್ಪ ತನ್ನ ಬಂಡಿ ಕೊಟ್ಟು ಕಳಿಸಿದ. ಬಯಲಲ್ಲಿ ಪೀರಪ್ಪನ ಸಂಗಡ ಎರಡು ತಾಸು ಹುಲ್ಲಿನಲ್ಲಿ ಉಸಿರು ಬಿಗಿಹಿಡಿದು ಬಿದ್ದುಕೊಂಡೆವು. ಏನೂ ಬರಲಿಲ್ಲ. "ಎಂಟು ದಿನ ಆತ್ರಿ, ಹಿಂಡು ಬೆದರಿ ಹೋಗ್ಯದ," ಎಂದ ಪೀರಪ್ಪ. ಯಾವುದಕ್ಕೆ ಬೆದರಿತು ಎಂದು ಕಾಕಾ ಕೇಳಿದರೆ, ನಿಮಗೆ ಗೊತ್ತಿಲ್ಲೇನು ಎಂಬಂತೆ ಅವನ ಮುಖವನ್ನೇ ನೋಡಿದ. ಅವನನ್ನೂ ಬಂಡಿಯಲ್ಲಿ ಕೂಡಿಸಿಕೊಂಡು ರೇವಣಪ್ಪನ ಮನೆಗೆ ತಿರುಗಿ ಬಂದೆವು.

ಪೂಜೆಯಾಗದೆ ಕಾಕಾ ನೀರೂ ಮುಟ್ಟುವವನಲ್ಲ. ಸ್ನಾನ ಮಾಡಿ ಬಂದ ಅವನನ್ನು ರೇವಣಪ್ಪ ನಗುತ್ತ ದೇವರ ಕೋಣೆಗೆ ಕರೆದೊಯ್ದ. ಅಲ್ಲಿ ಹೊಸ ಚರ್ಮ ಹಾಸಿತ್ತು. ಬೆನ್ನು ಕಪ್ಪು, ಅಂಚು ಬಿಳಿ.

"ಕುಂದರ್ರಿ ರಾಯರ. ಇಂಥದು ಈ ಸೀಮ್ಯಾಗ ಸಿಗಂಗಿಲ್ಲ."

"ಎಲ್ಲಿಂದ ತಂದ್ರಿ?" ಕಾಕಾನ ದನಿ ಆಗಲೇ ಬದಲಾಗಿತ್ತು.

ಬಾಗಿಲಲ್ಲಿದ್ದ ಪೀರಪ್ಪ ಉತ್ತರ ಕೊಟ್ಟ. "ನಾನೇ ಉರುಲು ಹಾಕಿದೆರಿ. ಚಂದಂದು ಬೇಕಂತ ಬರದಿದ್ರಂತಲ್ರಿ. ಕರೀದು ಒಂದೇ ಇತ್ತು, ಅದನ್ನೇ ಹಿಡದೆ."

"ನಾ ತೋರಸ್ರಿ ಅಂತ ಬರದಿದ್ದೆ."

ರೇವಣಪ್ಪ ಗೂಟಕ್ಕೆ ಸಿಗಿಸಿದ್ದ ಕಾರ್ಡು ತಂದ. "ಎರಡೂ ಬರದೀರಿ, ರಾಯರ. ದೇವರ ಕೆಲಸ ಅಂತ ಚರ್ಮ ಮದಲ ಮಾಡಸ್ದೆ. ಉಳದವು ಊರೇ ಬಿಡ್ತಾವಂತ ನನಗೇನ್ ಗೊತ್ತು?"

ಕಾರ್ಡಿನ ಮೇಲಿನ ದುಂಡಗಿನ ಅಕ್ಷರ ನನ್ನವು. ಕಾಕಾನ ಆರು ವರ್ಷದ ಮಗಳು ಚರ್ಮದ ಮೇಲೆ ಕೈಯಾಡಿಸಿ, "ಅಪ್ಪಾ, ಇದೇ ಏನು ಚಿಗರಿ?" ಎಂದಳು. ಕಾಕಾ ಚರ್ಮವನ್ನು ಬಿಟ್ಟು ಬರೀ ನೆಲದ ಮೇಲೆ ಕೂತ. ಲಿಂಗವನ್ನು ಅಂಗೈಗೆ ತೆಗೆದುಕೊಂಡವನು ಪೂಜೆ ಮಾಡದೆ ಹಾಗೇ ತಿರುಗಿ ಕಟ್ಟಿಕೊಂಡ. ಅಂದು ಅವನು ಉಣ್ಣಲಿಲ್ಲ. ಆಮೇಲೆ ಸಾಯುವವರೆಗೂ ಬರೀ ಪರಸಿಯ ಮೇಲೆ ಕೂತೇ ಪೂಜೆ ಮಾಡಿದ.

ತಿರುಗಿ ಬರುವ ರೈಲಿನಲ್ಲಿ ಕಾಕಿಯ ಬಳೆಗೆ ಸುತ್ತಿದ ಅರಿವೆ ಇನ್ನೂ ಹಾಗೇ ಇತ್ತು. ಕಾಕಾ ನನ್ನ ನೋಟ್‌ಬುಕ್ಕು ತೆಗೆಸಿದ. ಕಂಡ ಪ್ರಾಣಿ: ಚಿಗರಿ. ಕಂಡ ಜಾಗ: ದೇವರ ಕೋಣೆ. ಮೂರನೆಯದನ್ನು ಬಿಟ್ಟು ಇನ್ನೊಂದು ಗೆರೆ ಹೊಡೆಯಲು ಹೇಳಿದ.

"ಕೊಂದವರು. ಬರಿ, ಬಸವಂತರಾಯ, ರಾವೂರ."

ಬರೆದೆ. ಅದರ ಕೆಳಗೆ ಒಂದು ಸಾಲಿನ ಜಾಗ ಉಳಿದಿತ್ತು. "ಕಾಕಾ, ಕಾರ್ಡು ಬರದಾಕಿ ನಾನು. ನನ್ನ ಹೆಸರೂ ಬರೀಲೇನು?" ಎಂದೆ.

ಅವನು ನನ್ನ ಕೈಯಿಂದ ಪೆನ್ನು ಕಸಿದುಕೊಂಡ. ಆ ಜಾಗವನ್ನು ಖಾಲಿಯೇ ಬಿಟ್ಟು ನೋಟ್‌ಬುಕ್ಕು ಮುಚ್ಚಿದ.