ಬಲಗಡೆ ಬಿದ್ದ ಸೇವಂತಿಗೆ

ನೋಡ್ರಪ್ಪಾ, ಬೆಳಿಗ್ಗೆಯಿಂದ ಮೈ ಜುಂ ಅಂತಾನೇ ಇದೆ. ಹೊಳೆನರಸೀಪುರದಲ್ಲಿ ನರ್ಸಾಗಿರೋ ನಮ್ಮ ಮಗಳು ಅಲ್ಲೇ ಒಂದು ಪುಟ್ಟ ಮನೆ ನೋಡಿದ್ದಾಳೆ, ಅವಳ ಮೊದಲನೇ ಸ್ವಂತ ಮನೆ. ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡು ಕೊಡೋಣ ಅಂದೆ. ನಮ್ಮ ಯಜಮಾನರು, "ಕೊಡ್ತೀನಿ, ಆದ್ರೆ ಪತ್ರ ಅಳಿಯನ ಹೆಸರಿಗೇ ಆಗ್ಬೇಕು" ಅಂತ ಹಟ ಹಿಡಿದ್ರು. "ಸಾಲದ ಕಂತು ಕಟ್ಟೋಳು ಅವಳಲ್ವಾ?" ಅಂದ್ರೂ ಕೇಳಲಿಲ್ಲ. ಕೊನೆಗೆ ಮನೆದೇವರ ಹತ್ರ ಹೂ ಕೇಳೋಕೆ ಹೋದ್ವಿ. ತಾಯಿಯ ಬಲಗಡೆಯಿಂದ ಹೂ ಬಿದ್ರೆ ಒಪ್ಪಿಗೆ.

"ಅಳಿಯನ ಹೆಸರಿಗೆ ಮಾಡಿಸ್ಲಾ ತಾಯಿ?" ಅಂತ ಇವರು ಕೇಳಿದ್ರು. ಅರ್ಧ ಗಂಟೆ ಕೈಮುಗಿದು ನಿಂತ್ವಿ, ಒಂದು ಎಸಳೂ ಅಲ್ಲಾಡಲಿಲ್ಲ. ಅರ್ಚಕರಿಗೇ ಸಾಕಾಗಿ, "ಗೌಡ್ರೇ, ಬೇರೆ ಥರ ಕೇಳಿ ನೋಡಿ" ಅಂದ್ರು. ನಾನೇ, "ಅವ್ವಾ, ಮಗಳ ಹೆಸರಿಗೇ ಆಗ್ಲಾ?" ಅಂದೆ. ಮಾತು ಮುಗಿದಿಲ್ಲ, ಬಲಗಡೆ ಸೇವಂತಿಗೆ ಸರಕ್ಕಂತ ಜಾರಿ ಪೀಠದ ಮೇಲೆ ಬಿತ್ತು. ಕಣ್ಣಲ್ಲಿ ನೀರು ಬಂದ್ಬುಡ್ತು ಕಣ್ರಪ್ಪಾ.

ಸ್ಕೂಟರಲ್ಲಿ ವಾಪಸ್ ಬರ್ತಾ ದುದ್ದ ದಾಟಿದ್ವಿ. ಆಮೇಲೆ ಇವರು, "ಹೂ ಒಣಗಿತ್ತು ಕಣೆ, ಅದಕ್ಕೇ ಬಿತ್ತು" ಅಂದ್ರು. ಅಂದವರೇ ಗಾಡಿನ ಮನೆ ಕಡೆ ತಿರುಗಿಸದೆ ಬ್ಯಾಂಕಿನ ಮುಂದೆ ನಿಲ್ಲಿಸಿದ್ರು.