ಕರ್ತೃ ಇಲ್ಲದ ವಾಕ್ಯ

ಮೂವತ್ತು ವರ್ಷ ಸಾಲ್ಯಾಗ ಕನ್ನಡ ಕಲಿಸಿದಾಕಿ ನಾ. ಬಸ್ಸಿನ ಬೋರ್ಡಿನ್ಯಾಗ ಒಂದು ಒತ್ತಕ್ಷರ ತಪ್ಪಿದ್ರ ಕಂಡಕ್ಟರನ್ನ ಕರದು ತೋರಿಸಿ ಬರೂ ಪೈಕಿ. ಲಗ್ನದ ಕಾಗದ ಕೊಡಾಕ ಬಂದವ್ರ ಮುಂದನ ಪೆನ್ನು ತಗದು ತಿದ್ದಿ, “ಈಗ ಛಲೋ ಆತು ನೋಡ್ರಿ” ಅಂತ ತೋರಿಸಿದಾಕಿ. ಮನ್ಯಾಗ ಎಲ್ಲಾರೂ ನಗತಿದ್ರು, ನಾ ಬಿಡತಿರಲಿಲ್ಲ. ಅಂಥಾಕಿ ಇದನ್ನ ಮಾತ್ರ ಬಾಯಿಗೆ ಬಂದಂಗ ಬರ್ಯಾಕತ್ತೇನಿ. ಪುಸ್ತಕದ ಕನ್ನಡದಾಗ ಬರ್ಯಾಕ ಈಗ ಕೈ ಅಂಜತೈತಿ. ಯಾಕಂತ ಹೇಳ್ತೇನಿ.

ರಿಟೈರ್ ಆದ ಮ್ಯಾಲ ಜಮಖಂಡ್ಯಾಗ ಒಂದು ಸಣ್ಣ ಸಂಘ ಸೇರಿದೆ. ಮಾನವ ಹಕ್ಕು ಅಂತ ದೊಡ್ಡದಾಗಿ ಬೋರ್ಡ್ ಹಾಕೇವಿ. ಖರೇ ಅಂದ್ರ ಝೆರಾಕ್ಸ್ ಅಂಗಡಿ ಹಿಂದಿನ ಒಂದು ಖೋಲಿ, ಎರಡು ಬೆಂಚು, ಆರು ಮಂದಿ, ಅಷ್ಟ. ಸಾವಳಗಿ ಕಡಿಂದ ರೇಷನ್ ಕಾರ್ಡ್ ರದ್ದಾದ ಮುದುಕ್ಯಾರು ಬರತಿದ್ರು. ಬೀಳಗಿ ಕಡೆ ಒಂದು ಹಳ್ಳ್ಯಾಗ ಕಟಿಂಗ್ ಅಂಗಡ್ಯಾಗ ಕುರ್ಚಿ ಮ್ಯಾಲ ಕುಂಡ್ರಿಸಿಕೊಳ್ಳಾಕ ಒಲ್ಲೆ ಅಂದ್ರಂತ ಇಬ್ರು ಗಂಡಸರು ಬಂದಿದ್ರು. ಅವ್ರ ಸಲುವಾಗಿ ತಹಶೀಲ್ದಾರ್ ಕಚೇರಿ ಮೆಟ್ಲ ಹತ್ತಿ ಹತ್ತಿ ನನ್ನ ಮೊಣಕಾಲ ಹೋದ್ವು. ಕೋರ್ಟಿನ ಕೆಲಸ ಮುಧೋಳದ ಒಬ್ಬಾಕಿ ವಕೀಲ ನೋಡಕೋತಿದ್ಳು. ನನ್ನ ಮಗಳ ವಯಸ್ಸಿನಾಕಿ, ಬಾಯಿ ಮಾತ್ರ ನನಗಿಂತ ಜೋರು. ಅರ್ಜಿ ಬರಿಯೂ ಕೆಲಸ ನಂದು. “ಅಕ್ಕೋರು ಬರದ ಅರ್ಜಿಗೆ ಸಾಹೇಬ್ರು ಹೆಸರಿಡಾಕ ಆಗೂದಿಲ್ಲ” ಅಂತಿದ್ರು ಮಂದಿ. ಕೇಳಿ ಕೇಳಿ ನಾನೂ ಹಿಗ್ಗಿದ್ದೆ.

ಒಂದಿನ ಮಧ್ಯಾಹ್ನ ಬನಹಟ್ಟಿಯಿಂದ ಒಬ್ಬಾಕಿ ಬಂದ್ಳು. ಮೂವತ್ತರ ಆಸುಪಾಸು. ಗಂಡ ಸತ್ತು ಐದು ದಿನ ಆಗಿತ್ತು. ಅಂವ ನೂಲಿಗೆ ಬಣ್ಣ ಹಾಕೋ ಒಂದು ಕಾರಖಾನ್ಯಾಗ ಕೆಲಸಕ್ಕಿದ್ದ. ಬಣ್ಣದ ಹೊಲಸು ನೀರು ಹೋಗಿ ನಿಲ್ಲೂ ಗುಂಡಿ ಹಿತ್ತಲಾಗ ಇತ್ತಂತ. ತಳಕ್ಕ ರಾಡಿ ತುಂಬಿ ನೀರು ಮುಂದ ಹೋಗವಲ್ದಾಗಿತ್ತು. ಅವತ್ತು ಮುಂಜಾನಿ ಮನಿ ಬಿಡೂಮುಂದ ಅಂವ ಹೆಂಡ್ತಿಗೆ, “ಇವತ್ತ ಗುಂಡ್ಯಾಗ ಇಳಿಸ್ತಾರಂತ, ಯಾವುದರ ಹಳೇ ಅಂಗಿ ಇದ್ರ ಕೊಡು” ಅಂದಿದ್ದ. ಈಕಿ ಹುಡುಕಿ ಒಂದು ಹರಕ ಅಂಗಿ ಕೊಟ್ಟಿದ್ಳು. ಊಟದ ಹೊತ್ತಿಗೆ ಸುದ್ದಿ ಬಂತು. ಗುಂಡ್ಯಾಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಅಂವ ಅಲ್ಲೇ ಹೋಗಿದ್ದ.

“ಅವ್ರನ್ನ ಇಳಿಸ್ಯಾರ್ರಿ, ಅಕ್ಕೋರ,” ಅಂದ್ಳು. “ಅವ್ರಾಗಿ ಇಳಿಯೂ ಮನಶ್ಯಾ ಅಲ್ರಿ. ಬಾವ್ಯಾಗ ಇಣಿಕಿ ನೋಡಾಕ ಸೈತ ಅಂಜತಿದ್ರು.”

ಆಕಿಗೆ ಬೇಕಾಗಿದ್ದು ಅದೊಂದ ಮಾತು. ರೊಕ್ಕದ ಸುದ್ದೀನ ತಗೀಲಿಲ್ಲ. ಕಾರಖಾನಿ ಮಂದಿ ಆಗಲೇ ಊರ ತುಂಬ, “ನಾವು ಹೇಳೇ ಇಲ್ಲ, ಅಂವ ತಾನ ಹೋಗಿ ಇಳದ” ಅಂತ ಹಬ್ಬಿಸಿದ್ರು. ಆ ಮಾತು ಆಕಿ ಅತ್ತೀ ಕಿವಿಗೆ ಬಿದ್ದಿತ್ತು. ಮಗಾ ತಾನ ಹೋಗಿ ಇಳದಾನ ಅಂದ್ರ ಮನ್ಯಾಗ ಏನೋ ಆಗಿರಬೇಕು, ಸೊಸಿ ಏನೋ ಅಂದಿರಬೇಕು, ಜೀವ ಬ್ಯಾಸರಾಗಿ ಹೋದ ಅಂತ ಅತ್ತಿ ಹಿಡದು ಕುಂತಿದ್ಳು. ಸೊಸಿ ಮಾಡಿದ ರೊಟ್ಟಿ ಮುಟ್ಟತಿರಲಿಲ್ಲ. ಬಾಜೂ ಮನ್ಯಾಗ ಇಸಗೊಂಡು ಉಣ್ಣತಿದ್ಳಂತ.

“ಇಳಿಸಿದ್ರು ಅಂತ ಸರಕಾರದವ್ರು ಒಂದ ಸಲ ಬರದು ಕೊಟ್ರ ಸಾಕ್ರಿ,” ಅಂದ್ಳು. “ನಮ್ಮತ್ತಿಗೆ ಓದಿಸಿ ತೋರಿಸ್ತೇನಿ.”

ನಾ ಪೆನ್ನು ಹಿಡದು ಕೇಳಿದೆ: “ಯಾರು ಇಳಿಸಿದ್ರು?”

ತೆಲಿ ಕೆಳಗ ಹಾಕಿದ್ಳು. “ಹೆಸರು ಬ್ಯಾಡ್ರಿ. ನನ್ನ ಅಣ್ಣ ಅವ್ರ ಮಗ್ಗದ ಮ್ಯಾಲನ ದುಡಿತಾನ.”

“ಹೆಸರು ಬ್ಯಾಡಂದ್ರ ಹೆಂಗವ್ವಾ? ಮಾಲಕನೋ, ಮುಕಾದಮನೋ, ಯಾರರ ಒಬ್ರು ಬೇಕಲ್ಲ.”

“ಇಳಿಸಿದ್ರು ಅಂತ ಅಷ್ಟ ಬರೀರಿ. ಎಲ್ಲಾರಿಗೂ ಗೊತ್ತೈತಿ.”

ನನಗ ಸಿಟ್ಟು ಬಂತು. ಆಕಿ ಮ್ಯಾಲ ಅಲ್ಲ, ವಾಕ್ಯದ ಮ್ಯಾಲ. ಪತಿಯನ್ನು ಗುಂಡಿಯಲ್ಲಿ ಇಳಿಸಿದ್ದಾರೆ. ಯಾರು? ಕರ್ತೃ ಎಲ್ಲೈತಿ? ಹೀಂಗ ಬರದ ಹುಡುಗ್ಯಾರ ವಹಿ ಮ್ಯಾಲ ನಾ ಕೆಂಪ ಶಾಯಿಲೆ ಗೆರಿ ಎಳದಾಕಿ. ಎರಡು ಸಲ ಬರದು ಹೊಡದು ಹಾಕಿದೆ. ಹೊರಗ ಇನ್ನೂ ನಾಕು ಮಂದಿ ಕಾಯಾಕತ್ತಿದ್ರು. ಮೂರನೇ ಸಲ ಕೈ ತಾನ ಬರೀತು: “ನನ್ನ ಪತಿಯವರು ಅಂದು ಬೆಳಿಗ್ಗೆ ಕಾರ್ಖಾನೆಯ ಹಿಂಭಾಗದ ಗುಂಡಿಯಲ್ಲಿ ಇಳಿದಿದ್ದಾರೆ.” ಕರ್ತೃ ಸಿಕ್ತು, ಕ್ರಿಯಾಪದ ಕೂಡ್ತು, ವಿಭಕ್ತಿ ಸರಿ ಆತು. ಒಂದು ‘ಸಿ’ ಹೋಗಿ ‘ದಿ’ ಬಂದದ್ದು ನನಗ ಕಾಣಲೇ ಇಲ್ಲ. ದೇವರಾಣಿ, ಕಾಣಲಿಲ್ಲ. ಸತ್ತವನ್ನ ತಂದು ನಾ ಕರ್ತೃ ಮಾಡಿ ಕುಂಡ್ರಿಸಿದ್ದೆ.

ಪೂರ್ತಿ ಓದಿ ಹೇಳಿದೆ. ಆಕಿ ಸೆರಗು ಬಾಯಿಗೆ ಹಿಡಕೊಂಡು ಕೇಳಿದ್ಳು, ಸಹಿ ಮಾಡಿದ್ಳು. ನಾನ ಕರಕೊಂಡು ಹೋಗಿ ಪೊಲೀಸ್ ಠಾಣ್ಯಾಗ ಕೊಟ್ಟು, ಅರ್ಜಿ ಮುಟ್ಟಿದ್ದಕ್ಕ ನಕಲಿನ ಮ್ಯಾಲ ಸಿಕ್ಕಾ ಹಾಕಿಸಿಕೊಂಡು ಬಂದೆ. ವಕೀಲ ಹುಡುಗಿ ಆ ವಾರ ಊರಾಗ ಇರಲಿಲ್ಲ. ಆಕಿಗೆ ತೋರಿಸಿ ಕೊಡೂಣು ಅಂತ ನಮ್ಮ ಸಂಘದವ್ರು ಅಂದ್ರು. “ನಾ ಬರದದ್ದನ್ನ ಆಕಿ ಏನ್ ತಿದ್ದತಾಳ?” ಅಂದೆ. ಹಂಗ ಅಂದದ್ದು ಈಗ ನೆನಪಾದ್ರ ನನ್ನ ಮೋತಿ ಮ್ಯಾಲ ನಾನ ಬಡಕೊಳ್ಳಬೇಕು ಅನಸ್ತೈತಿ.

ಆಮ್ಯಾಲ ತಿಂಗಳಗಟ್ಟಲೆ ಏನೂ ಇಲ್ಲ. ಕಚೇರಿ ಮುಂದ ಎರಡು ಸಲ ಧರಣಿ ಕುಂತ್ವಿ. ಕಾರಖಾನ್ಯಾಗಿನ ಒಬ್ಬರೂ ಸಾಕ್ಷಿ ಹೇಳಾಕ ಮುಂದ ಬರಲಿಲ್ಲ. ಅವ್ರ ಹೊಟ್ಟಿಪಾಡು ಅವ್ರಿಗೆ, ಅವ್ರನ್ನ ಬೈಯಾಕ ನನಗ ಬಾಯಿ ಬರೂದಿಲ್ಲ. ಈಕಿ ಮಾತ್ರ ವಾರಕ್ಕೊಮ್ಮೆ ಬನಹಟ್ಟಿ ಬಸ್ಸಿಗೆ ಬಂದು ಬೆಂಚಿನ ತುದಿಗೆ ಕುಂಡ್ರತಿದ್ಳು. “ಕಾಗದ ಬಂತೇನ್ರಿ, ಅಕ್ಕೋರ?” ಇಲ್ಲವ್ವಾ ಅಂತಿದ್ದೆ. ಚಾ ಕೊಟ್ರ ಕುಡಿತಿದ್ಳು, ಹೋಗತಿದ್ಳು. “ಅತ್ತಿ ಉಣ್ಣತಾಳೇನು ಈಗ?” ಅಂತ ಕೇಳಿದ್ರ, “ನಾ ಮನ್ಯಾಗ ಇಲ್ದಾಗ ತಗೊಂಡು ಉಣ್ಣತಾರ್ರಿ” ಅಂತಿದ್ಳು.

ಕಡೀಕ ಪೊಲೀಸ್ರ ಕಾಗದ ಬಂತು. ವಕೀಲ ಹುಡುಗಿ ಫೋನ್ ಮಾಡಿದ್ಳು. “ಅಕ್ಕೋರ, ನಿಂತೀರೋ ಕುಂತೀರೋ? ಕುಂತು ಕೇಳ್ರಿ” ಅಂತ ಓದಿದ್ಳು. ಮೃತನು ಯಾರ ಒತ್ತಾಯವೂ ಇಲ್ಲದೆ ತಾನಾಗಿಯೇ ಗುಂಡಿಯಲ್ಲಿ ಇಳಿದು ಮರಣ ಹೊಂದಿರುತ್ತಾನೆ, ಮೃತನ ಹೆಂಡತಿಯ ದೂರಿನಲ್ಲಿಯೂ ಇದೇ ರೀತಿ ಇರುತ್ತದೆ, ಆದ್ದರಿಂದ ಮುಂದಿನ ಕ್ರಮ ಅವಶ್ಯವಿರುವುದಿಲ್ಲ.

“ಆಕಿ ದೂರಿನ್ಯಾಗ ಎಲ್ಲೈತಿ ಹಂಗ?” ಅಂತ ನಾ ಜಿಗದು ಬಿದ್ದೆ.

“ನಿಮ್ಮ ಅಕ್ಷರನ ಅದಾವ್ರಿ. ಇಳಿದಿದ್ದಾರೆ ಅಂತ ಬರದೀರಿ.”

“ಆಕಿ ಹೆಸರು ಹೇಳಲಿಲ್ಲವ್ವಾ,” ಅಂದೆ. “ಕರ್ತೃ ಇರಲಿಲ್ಲ.”

ಸದಾ ಒದರೂ ಹುಡುಗಿ ಅವತ್ತು ಮೆಲ್ಲಕ ಮಾತಾಡಿದ್ಳು. “ಇಲ್ದಂಗ ಬಿಟ್ಟಿದ್ರ ಆಗತಿತ್ರಿ, ಅಕ್ಕೋರ. ಇಳಿಸಿದ್ರು ಅಂತ ಇದ್ರ, ಯಾರು ಇಳಿಸಿದ್ರು ಅಂತ ಅವ್ರ ಹುಡುಕಬೇಕಾಗತಿತ್ತು. ಅದು ಪೊಲೀಸ್ರ ಕೆಲಸ ಇತ್ತು, ನಿಮ್ದಲ್ಲ.”

ಬೈದಿದ್ರ ತಡಕೋತಿದ್ದೆ. ಫೋನ್ ಇಟ್ಟು ಅಡಗಿಮನ್ಯಾಗ ಹೋಗಿ ನೆಲದ ಮ್ಯಾಲ ಕುಂತು ಅತ್ತೆ. ಬನಹಟ್ಟಿಯಾಕಿ ಬಾಯಾಗ ಇದ್ದ ವಾಕ್ಯ ಸರಿ ಇತ್ತು. ಎಲ್ಲಾರಿಗೂ ಗೊತ್ತಿದ್ದು ಯಾರೂ ಹೇಳದ ಊರಾಗ ಹಂಗನ ಮಾತಾಡ್ತಾರ, ಹಂಗನ ಮಾತಾಡಬೇಕಾಗತೈತಿ. ನಾ ಅದೇ ಊರ ನೀರು ಕುಡದಾಕಿ, ನನಗ ತಿಳೀಲಿಲ್ಲ.

ಹೊಸಾ ಹೇಳಿಕಿ ಕೊಡಿಸಿದ್ವಿ. ತಪ್ಪು ನಂದು ಅಂತ ನಾನೂ ಬರದು ಕೊಟ್ಟೆ. “ಮೊದಲ ಒಂದು, ಈಗ ಒಂದು. ಸಂಘದವ್ರು ಕಲಿಸಿಕೊಟ್ಟಿರಬೇಕು” ಅಂದ್ರು ಪೊಲೀಸ್ ಸಾಹೇಬ್ರು. ವಕೀಲ ಹುಡುಗಿ ಬಿಟ್ಟಿಲ್ಲ, ಕೋರ್ಟಿಗೆ ಹಾಕ್ಯಾಳ, ತಾರೀಖು ಬೀಳಾಕತ್ತಾವು. ಆದ್ರ ಆ ಕಾಗದದ ಸುದ್ದಿ ಆಗಲೇ ಬನಹಟ್ಟಿ ಮುಟ್ಟಿತ್ತು. ಅದಕ್ಕ ನಾ ಒಬ್ಬಾಕೀನ ಆಕಿ ಮನಿಗೆ ಹೋದೆ.

ಅತ್ತಿ ಕಟ್ಟಿ ಮ್ಯಾಲ ನೂಲು ಸುತ್ತಕೋತ ಕುಂತಿದ್ಳು. ಬಾಜೂಕ ಕುಂತೆ. ಎಲ್ಲಾ ಬಿಡಿಸಿ ಹೇಳಿದೆ. ಸೊಸಿ ಇಳಿಸಿದ್ರು ಅಂತನ ಹೇಳಿದ್ದು, ನಾ ತಿದ್ದಾಕ ಹೋಗಿ ಕೆಡಿಸಿದ್ದು, ಒಂದು ಅಕ್ಷರ ತಪ್ಪಿದ್ದು. ನಿಮ್ಮ ಮಗನ್ನ ಖರೇನ ಇಳಿಸ್ಯಾರ್ರಿ ಯವ್ವಾ, ಈಕೀದು ಏನೂ ತಪ್ಪಿಲ್ಲ ಅಂತ ಕೈ ಮುಗದೆ. ಸೊಸಿ ಬಾಗಲಾಗ ನಿಂತು ಕೇಳಾಕತ್ತಿದ್ಳು.

ಅತ್ತಿ ನೂಲು ಬಿಡಲಿಲ್ಲ. “ನೀವು ಅಕ್ಕೋರು,” ಅಂದ್ಳು. “ಅಷ್ಟು ಮಂದೀಗೆ ಕಲಿಸಿದವ್ರು. ನಿಮಗ ತಪ್ಪತೈತೇನ್ರಿ? ಈಕಿನ್ನ ಉಳಸಾಕ ಬಂದೀರಿ, ಪುಣ್ಯಾತಿಗಿತ್ತಿ. ಬರದದ್ದ ಖರೇ.” ಮತ್ತ ನನ್ನ ಕಡೆ ಹೊಳ್ಳಿ ನೋಡಲಿಲ್ಲ.

ಸೊಸಿ ಬಸ್ ಸ್ಟ್ಯಾಂಡ್ ತನಕಾ ಬಂದ್ಳು. ನನ್ನ ಸುಡುಗಾಡು ಸ್ವಭಾವ ನೋಡ್ರಿ, ಅಲ್ಲೂ ಸುಮ್ನಿರಲಿಲ್ಲ. “ತಂಗಿ, ಅವತ್ತು ನಾ ಓದಿ ಹೇಳಿದ್ನಲ್ಲ, ನಿನಗರ ತಿಳೀಲಿಲ್ಲೇನು? ಹಿಂಗಲ್ರಿ ಅಂತ ಒಂದು ಮಾತು ಅನಬಾರದಿತ್ತೇನು?” ಅಂದೆ. ಅಂದ ಕೂಡ್ಲೇ ನಾಲಿಗಿ ಕಚ್ಚಿಕೊಂಡೆ.

ಆಕಿ ಸಿಟ್ಟಾಗಲಿಲ್ಲ.

“ಅದು ಕಿವಿಗೇ ಬೀಳಲಿಲ್ರಿ,” ಅಂದ್ಳು. “ಪತಿಯವರು ಅಂತ ಓದಿದ್ರಿ. ಇದ್ದಾರೆ ಅಂತ ಓದಿದ್ರಿ. ಕಾರಖಾನ್ಯಾಗ ಅವ್ರನ್ನ ಲೇ ಅಂತನ ಕರೀತಿದ್ರು, ಸತ್ತ ದಿನಾನೂ ಹೆಣಾ ತೋರಿಸಿ ಇವನ ಏನು ಅಂತ ಕೇಳಿದ್ರು. ಹೊರಗಿನವ್ರೊಬ್ರು ಅವ್ರಿಗೆ ಅಷ್ಟು ಮರ್ಯಾದಿ ಕೊಟ್ಟು ಮಾತಾಡಿದ್ದು ನಾ ಅವತ್ತ ಮೊದಲ ಸಲ ಕೇಳಿದ್ದು. ಅದನ್ನ ಕೇಳಕೋತ ಸಹಿ ಮಾಡಿಬಿಟ್ಟೆ, ಅಕ್ಕೋರ.”