ಮೊದಲು ಮೀನಿನ ವಿಷಯ

ನೆರೆಮನೆಯ ಅಜ್ಜಿಯ ಮುಖ ನನಗೆ ಸರಿಯಾಗಿ ನೆನಪಿದೆ ಎಂದರೆ ನಂಬಬೇಡಿ. ಮಾತು ನೆನಪಿದೆ. ಉಪ್ಪುಂದದ ಅವರ ಜಗಲಿಯಲ್ಲಿ ಕೂತು, ಮುಂಬಯಿಯಲ್ಲಿದ್ದ ತಮ್ಮ ತಂಗಿಗೆ ಅವರು ಹೇಳಿದ ಕಾಗದವನ್ನು ನಾನು ಮೊಬೈಲಿನಲ್ಲಿ ಬರೆದು ಕಳಿಸುತ್ತಿದ್ದೆ.

"ಎಂತ ಮೀನ್ ತಂದೆ ಅಂದ್ ಮೊದ್ಲ್ ಕೇಣ್. ಸುದ್ದಿ ಕಡೀಗ್" ಎನ್ನುವುದು ಅವರ ಕ್ರಮ; ಯಾವ ಕಾಗದವೂ ಯಾವ ಮೀನು ತಂದಿರಿ ಎಂಬ ಪ್ರಶ್ನೆಯಿಂದಲೇ ಶುರು.

ತಂಗಿಯ ಗಂಡ ತೀರಿಕೊಂಡ ವಾರವೂ ಅಭ್ಯಾಸಬಲದಿಂದ ಹಾಗೆಯೇ ಬರೆಸಿದರು. ನಾನೂ ಹಾಗೆಯೇ ಕಳಿಸಿದೆ. ಸೂತಕದ ಮನೆಗೆ ಮೀನು ತರುವುದಿಲ್ಲವೆಂದು ನಮಗೆ ಹೊಳೆದದ್ದು ಉತ್ತರ ಬಂದ ಮೇಲೆ.

"ಇಲ್ ಸೂತಕ ಅಲ್ದಾ, ಅಕ್ಕ. ನಿಮ್ಮಲ್ ಎಂತ ಮೀನ್?"

ಓದಿ ಹೇಳಿದೆ. ಅಜ್ಜಿ ಅಡುಗೆಮನೆಯ ಕಡೆ ನೋಡಿದರು. ಒಳಗೆ ಬೈಗೆ ಎಂಬ ಮೀನಿನ ಸಾರು ಕುದಿಯುತ್ತಿತ್ತು.

"ನಮ್ಮಲ್ಲೂ ಇಲ್ಲೆ ಅಂದ್ ಬರಿ, ಮಗಾ."

ಬರೆದೆ. ಅವರು ಎದ್ದು, ವಾಸನೆ ಮುಂಬಯಿಗೆ ಮುಟ್ಟೀತೇನೋ ಎಂಬಂತೆ, ಅಡುಗೆಮನೆಯ ಬಾಗಿಲು ಮುಚ್ಚಿದರು.